ದಾಳಿಂಬೆ, ಕಿತ್ತಳೆ ಸಿಪ್ಪೆ ಒಣಗಿಸಿಡುವ ಕ್ರಮ: ಬಯಲುಸೀಮೆಯ ಮನೆಗಳಿಗೆ ಒಂದು ಮಾರ್ಗದರ್ಶಿ

ಸಂಕ್ರಾಂತಿ ಕಳೆದು ಶಿವರಾತ್ರಿ ಸಮೀಪಿಸುವ ಹೊತ್ತಿಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಸಂತೆಗಳಲ್ಲಿ ದಾಳಿಂಬೆಯೂ ಕಿತ್ತಳೆಯೂ ಒಟ್ಟಿಗೆ ಸಿಗುತ್ತವೆ. ದಾಳಿಂಬೆ ಶಿರಾ, ಪಾವಗಡ, ಮಧುಗಿರಿ, ಗೌರಿಬಿದನೂರು ಕಡೆಯ ತೋಟಗಳದ್ದು. ಕಿತ್ತಳೆ ಹೆಚ್ಚಾಗಿ ನಾಗಪುರದ ಕಡೆಯಿಂದ ಲಾರಿಯಲ್ಲಿ ಬಂದದ್ದು. ಹಣ್ಣನ್ನು ತಿಂದ ಮೇಲೆ ಸಿಪ್ಪೆ ತಿಪ್ಪೆಗೆ ಹೋಗುತ್ತದೆ. ದಾಳಿಂಬೆಯ ಮಟ್ಟಿಗಂತೂ ನಾವು ದುಡ್ಡು ಕೊಟ್ಟು ತಂದ ತೂಕದಲ್ಲಿ ಅರ್ಧಕ್ಕೆ ಹತ್ತಿರದ ಪಾಲು ಹೀಗೆ ಹೊರಗೆ ಬೀಳುತ್ತದೆ. ಹಿಂದಿನವರು ಅದನ್ನು ಹೀಗೆ ಬಿಸಾಡುತ್ತಿರಲಿಲ್ಲ. ಒಣಗಿದ ದಾಳಿಂಬೆ ಸಿಪ್ಪೆಯ ಒಂದು ಚೂರನ್ನು ತೇಯ್ದು ಮಜ್ಜಿಗೆಗೆ ಬೆರೆಸಿ ಹೊಟ್ಟೆ ಕೆಟ್ಟವರಿಗೆ ಕೊಡುವ ರೂಢಿ ಅನೇಕ ಮನೆಗಳಲ್ಲಿತ್ತು. ಆಯುರ್ವೇದವೂ ದಾಡಿಮದ ಸಿಪ್ಪೆಯನ್ನು ಅತಿಸಾರಕ್ಕೆ ಹೇಳುತ್ತದೆ. ಕಿತ್ತಳೆ ಸಿಪ್ಪೆ ಗೊಜ್ಜಿಗೆ, ಸಾರಿಗೆ, ಕಷಾಯಕ್ಕೆ ಒದಗುತ್ತಿತ್ತು.

ಈಗ ಇವೇ ಸಿಪ್ಪೆಗಳ ಪುಡಿಯನ್ನು ಆರೋಗ್ಯಪೂರಕವೆಂದು ಚಂದದ ಡಬ್ಬಿಗಳಲ್ಲಿ ಮಾರುತ್ತಿದ್ದಾರೆ. ಮನೆಯಲ್ಲೇ ಮಾಡಿಕೊಳ್ಳಬಹುದೇ ಎಂದು ಕೇಳಿದರೆ, ಖಂಡಿತ ಮಾಡಿಕೊಳ್ಳಬಹುದು. ನಮ್ಮ ಬಯಲುಸೀಮೆಯಲ್ಲಿ ಬಿಸಿಲಿಗೇನೂ ಬರವಿಲ್ಲ, ಬೇಸಿಗೆಯ ಗಾಳಿಯೂ ಒಣ ಗಾಳಿಯೇ. ಒಣಗಿಸುವುದು ಈ ಕೆಲಸದ ಸುಲಭವಾದ ಭಾಗ. ಯಾವ ಹಣ್ಣಿನ ಸಿಪ್ಪೆಯನ್ನು ಆರಿಸಿಕೊಳ್ಳಬೇಕು, ಒಣಗಿದ ಮೇಲೆ ಎಷ್ಟು ಬಳಸಬೇಕು ಎಂಬ ಎರಡು ವಿಷಯಗಳಲ್ಲಿ ಹೆಚ್ಚಿನ ಎಚ್ಚರ ಬೇಕು. ಆದ್ದರಿಂದ ಈ ಲೇಖನದಲ್ಲಿ ಅವೆರಡಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಹಣ್ಣನ್ನು ಆರಿಸುವುದು

ದಾಳಿಂಬೆಯ ಸಿಪ್ಪೆಯಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ ಹೇರಳವಾಗಿದೆ. ಕರುಳಿನ ಒಳಪದರವನ್ನು ಬಿಗಿಗೊಳಿಸಿ ಭೇದಿಯನ್ನು ತಗ್ಗಿಸುವ ಗುಣ ಅದಕ್ಕಿರುವುದರಿಂದಲೇ ಹಳೆಯ ಬಳಕೆಯೆಲ್ಲ ಹೊಟ್ಟೆಯ ಸುತ್ತ ಬೆಳೆದಿದೆ. ಕಿತ್ತಳೆ ಮತ್ತು ಮೋಸಂಬಿ ಸಿಪ್ಪೆಗಳಲ್ಲಿ ಪರಿಮಳದ ಎಣ್ಣೆ, ಪೆಕ್ಟಿನ್ ಎಂಬ ನಾರು ಮತ್ತು ಹೆಸ್ಪೆರಿಡಿನ್ ಎಂಬ ಸಂಯುಕ್ತ ಇವೆ. ಸಿ ಜೀವಸತ್ವಕ್ಕಾಗಿ ಒಣಸಿಪ್ಪೆ ತಿನ್ನುತ್ತೇವೆಂದು ಹೇಳುವವರಿದ್ದಾರೆ. ಒಣಗುವಾಗ ಗಾಳಿ, ಬೆಳಕು, ಶಾಖ ಮೂರೂ ಸೇರಿ ಅದರಲ್ಲಿ ದೊಡ್ಡ ಪಾಲನ್ನು ಕಳೆದುಬಿಡುತ್ತವೆ. ಅದು ಬೇಕಾದವರು ಒಂದು ನೆಲ್ಲಿಕಾಯಿಯನ್ನೋ ಸೀಬೆಹಣ್ಣನ್ನೋ ತಿಂದರೆ ಸಾಕು.

ಮನೆಯಲ್ಲಿ ಒಣಗಿಸಲು ದಾಳಿಂಬೆ, ಕಿತ್ತಳೆ, ಮೋಸಂಬಿ, ನಿಂಬೆ ಇಷ್ಟು ಸಾಕೆಂಬುದು ನನ್ನ ಅಭಿಪ್ರಾಯ. ಶ್ರೀನಿವಾಸಪುರದ ಸುತ್ತ ಮಾವಿಗೆ ಕೊರತೆಯಿಲ್ಲವಾದರೂ ಮಾವಿನ ಸಿಪ್ಪೆ ಈ ಕೆಲಸಕ್ಕೆ ಬೇಡ. ತೊಟ್ಟಿನಿಂದ ಜಿನುಗುವ ಸೊನೆಯಲ್ಲೂ ಸಿಪ್ಪೆಯಲ್ಲೂ ಇರುವ ಪದಾರ್ಥಗಳು ಕೆಲವರಿಗೆ ಬಾಯಿ ಸುತ್ತ ಹುಣ್ಣು ಎಬ್ಬಿಸುತ್ತವೆ. ಗೇರುಸೊನೆ ತಾಗಿದರೆ ಚರ್ಮ ಏಳುವುದೂ ಅದೇ ಜಾತಿಯ ಪದಾರ್ಥದಿಂದ. ದೇವನಹಳ್ಳಿಯ ಚಕ್ಕೋತದ ಸಿಪ್ಪೆ ದಪ್ಪನಾಗಿ ಕಣ್ಣಿಗೆ ಚೆನ್ನಾಗಿ ಕಂಡರೂ ಅದು ಕೆಲವು ಮಾತ್ರೆಗಳೊಡನೆ ಕೂಡಿಬರುವುದಿಲ್ಲ, ಆ ವಿಷಯ ಮುಂದೆ ಹೇಳುತ್ತೇನೆ. ದಾಳಿಂಬೆ ಗಿಡದ ಬೇರಿನ ತೊಗಟೆಯೂ ಕಾಂಡದ ತೊಗಟೆಯೂ ಹಣ್ಣಿನ ಸಿಪ್ಪೆಯಂತಲ್ಲ. ಅವುಗಳಲ್ಲಿ ವಿಷಕಾರಿ ಆಲ್ಕಲಾಯ್ಡ್‌ಗಳಿರುವುದರಿಂದ ಮನೆಮದ್ದಿಗೆ ಅವನ್ನು ಮುಟ್ಟಲೇಬಾರದು.

ಇನ್ನು ಸಿಂಪಡಣೆಯ ವಿಷಯ. ದಾಳಿಂಬೆ ಬೆಳೆದವರಿಗೆ ದುಂಡಾಣು ಅಂಗಮಾರಿ ರೋಗದ ಕಾಟ ಎಂಥದ್ದೆಂದು ಹೇಳಬೇಕಿಲ್ಲ. ಕಾಯಿಯ ಮೇಲೆ ಕಪ್ಪು ಚುಕ್ಕೆ ಎದ್ದು, ಸಿಪ್ಪೆ ಬಿರಿದು, ಫಸಲು ಕೈಬಿಟ್ಟು ಹೋಗುವ ಈ ರೋಗವನ್ನು ತಡೆಯಲು ರೈತರು ಬೋರ್ಡೋ ದ್ರಾವಣ, ಕಾಪರ್ ಆಕ್ಸಿಕ್ಲೋರೈಡ್ ಮುಂತಾದ ತಾಮ್ರ ಬೆರೆತ ಔಷಧಿಗಳನ್ನು ಮತ್ತೆ ಮತ್ತೆ ಹೊಡೆಯಬೇಕಾಗುತ್ತದೆ. ಕಾಯಿಕೊರಕ, ನುಸಿ, ಥ್ರಿಪ್ಸ್‌ಗಳಿಗೆ ಬೇರೆ ಔಷಧಿಗಳಿವೆ. ಇದು ರೈತರ ತಪ್ಪಲ್ಲ, ಸಾಲ ಮಾಡಿ ಬೆಳೆಸಿದ ತೋಟವನ್ನು ಉಳಿಸಿಕೊಳ್ಳುವ ದಾರಿ. ಆದರೆ ಹೊಡೆದದ್ದೆಲ್ಲ ಮೊದಲು ಬೀಳುವುದು ಸಿಪ್ಪೆಯ ಮೇಲೆ. ಕಾಳು ತಿನ್ನುವವರಿಗೆ ಸಿಪ್ಪೆಯೇ ರಕ್ಷಣೆ. ಸಿಪ್ಪೆಯನ್ನೇ ತಿನ್ನುವವರಿಗೆ ಆ ರಕ್ಷಣೆ ಇರುವುದಿಲ್ಲ.

ಇದಕ್ಕೆ ಒಂದು ಸರಳ ಲೆಕ್ಕವೂ ಸೇರುತ್ತದೆ. ಹಸಿ ಸಿಪ್ಪೆಯ ತೂಕದಲ್ಲಿ ನೂರಕ್ಕೆ ಸುಮಾರು 70 ಭಾಗ ನೀರು. ಒಂದು ಕಿಲೋ ಸಿಪ್ಪೆ ಪೂರ್ತಿ ಒಣಗಿದಾಗ 300ರಿಂದ 350 ಗ್ರಾಂ ಉಳಿಯುತ್ತದೆ. ನೀರು ಆವಿಯಾಗಿ ಹೋಗುತ್ತದೆಯೇ ಹೊರತು ತಾಮ್ರದ ಅಂಶ ಎಲ್ಲಿಗೂ ಹೋಗುವುದಿಲ್ಲ. ಹೀಗಾಗಿ ಹಸಿಯಲ್ಲಿದ್ದದ್ದು ಒಣಗಿದ ಮೇಲೆ, ತೂಕಕ್ಕೆ ತೂಕ ಹಿಡಿದರೆ, ಸುಮಾರು ಮೂರು ಪಟ್ಟು ಗಾಢವಾಗುತ್ತದೆ. ಸಿಪ್ಪೆಯ ಒಳ್ಳೆಯ ಗುಣ ಒತ್ತಟ್ಟಿಗೆ ಸೇರುವಂತೆಯೇ ಅದರ ಮೇಲಿನ ಕೆಟ್ಟದ್ದೂ ಸೇರುತ್ತದೆಂಬುದನ್ನು ಮರೆಯುವಂತಿಲ್ಲ.

ಆದಕಾರಣ ಹಿತ್ತಲಿನಲ್ಲಿ ಒಂದು ದಾಳಿಂಬೆ ಗಿಡವೋ ನಿಂಬೆ ಗಿಡವೋ ಇರುವವರು ಅದರ ಹಣ್ಣನ್ನೇ ಇದಕ್ಕೆ ಮೀಸಲಿಡುವುದು ಎಲ್ಲಕ್ಕಿಂತ ಒಳ್ಳೆಯದು. ಇಲ್ಲದವರು ಪರಿಚಯದ ತೋಟದವರಿಂದ ಕೊಳ್ಳಬಹುದು. ಕೊನೆಯ ಸಿಂಪಡಣೆ ಕೊಯ್ಲಿಗೆ ಎಷ್ಟು ದಿನ ಮೊದಲು ಆಯಿತೆಂದು ಕೇಳಿದರೆ ತೋಟದವರು ಸಾಮಾನ್ಯವಾಗಿ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಔಷಧಿಗಳ ಬಗ್ಗೆ ಇನ್ನೂ ವಿವರ ಬೇಕಿದ್ದರೆ ತುಮಕೂರಿನವರು ಹಿರೇಹಳ್ಳಿ ಅಥವಾ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನೂ, ಕೋಲಾರದವರು ಟಮಕದ ಕೇಂದ್ರವನ್ನೂ, ಚಿಕ್ಕಬಳ್ಳಾಪುರದವರು ಚಿಂತಾಮಣಿ ಬಳಿಯ ಕುರುಬೂರಿನ ಕೇಂದ್ರವನ್ನೂ ವಿಚಾರಿಸಬಹುದು. ಸಂತೆಯ ಹಣ್ಣೇ ಗತಿಯೆಂದಾದರೆ, ದಾಳಿಂಬೆಯ ಕಿರೀಟದಂಥ ತುದಿಯೊಳಗೆ ಒಮ್ಮೆ ಇಣುಕಿ ನೋಡಿ. ಸಿಂಪಡಿಸಿದ ಔಷಧಿ ನೀಲಿಬಿಳಿ ಪುಡಿಯಾಗಿ ಕಟ್ಟಿಕೊಳ್ಳುವುದು ಅಲ್ಲಿಯೇ. ಹಾಗೆ ಕಂಡರೆ ಕಾಳು ತಿಂದು ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಹಾಕಿಬಿಡಿ. ಕಪ್ಪು ಚುಕ್ಕೆ, ಬಿರುಕು, ಮೆತ್ತಗಾದ ಕಲೆ ಇರುವ ಸಿಪ್ಪೆಯೂ ಬೇಡ. ಬಿರುಕಿನ ಸಂದಿಯಲ್ಲಿ ಬೂಷ್ಟು ಬೇರೂರಿರುತ್ತದೆ. ಕಿತ್ತಳೆ, ಮೋಸಂಬಿ ಅತಿಯಾಗಿ ಹೊಳೆಯುತ್ತಿದ್ದರೆ ಮೇಣ ಸವರಿದ್ದಾರೆಂದು ತಿಳಿಯಬೇಕು. ಜೇನುಮೇಣ, ಕಾರ್ನೌಬ ಮೇಣ, ಅರಗಿನ ಮೇಣಗಳನ್ನು ಹಣ್ಣಿಗೆ ಲೇಪಿಸಲು ಆಹಾರ ಸುರಕ್ಷತಾ ನಿಯಮಗಳಲ್ಲಿ ಅವಕಾಶವಿದೆ. ಹೊಟ್ಟೆಗೆ ಅವು ಅಪಾಯವಲ್ಲ, ಆದರೆ ಮೇಣದ ಪದರ ಕೆಳಗಿನ ಔಷಧಿಯನ್ನೂ ಮುಚ್ಚಿಟ್ಟುಕೊಂಡಿರುತ್ತದೆ ಮತ್ತು ಸಿಪ್ಪೆ ಬೇಗ ಒಣಗಲು ಬಿಡುವುದಿಲ್ಲ.

ತೊಳೆಯುವುದು

ಹಣ್ಣು ಇಡಿಯಾಗಿರುವಾಗಲೇ ತೊಳೆಯಬೇಕು. ಸಿಪ್ಪೆ ಬಿಡಿಸಿದ ಮೇಲೆ ತೊಳೆದರೆ ಮೇಲಿನ ಕೊಳೆ ಒಳಗಿನ ಬಿಳಿ ಭಾಗಕ್ಕೆ ಇಳಿಯುತ್ತದೆ, ಆ ಭಾಗ ನೀರು ಕುಡಿದು ಒಣಗುವುದೂ ತಡವಾಗುತ್ತದೆ. ಒಂದು ಲೀಟರ್ ನೀರಿಗೆ ಎರಡು ಟೀ ಚಮಚ, ಅಂದರೆ ಸುಮಾರು 10 ಗ್ರಾಂ ಅಡುಗೆ ಸೋಡವನ್ನು ಕರಗಿಸಿ, ಹಣ್ಣನ್ನು 15 ನಿಮಿಷ ಮುಳುಗಿಸಿಡಿ. 2017ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಕೀಟನಾಶಕವನ್ನೂ ಒಂದು ಶಿಲೀಂಧ್ರನಾಶಕವನ್ನೂ ಸೇಬಿನ ಮೇಲೆ ಹಚ್ಚಿ ನೋಡಿದಾಗ, ಇದೇ ಪ್ರಮಾಣದ ಸೋಡನೀರು 12ರಿಂದ 15 ನಿಮಿಷಗಳಲ್ಲಿ ಮೇಲ್ಮೈಯಲ್ಲಿದ್ದ ಔಷಧಿಯ ಬಹುಭಾಗವನ್ನು ತೆಗೆದಿತ್ತು. ಸಿಪ್ಪೆಯೊಳಗೆ ಇಳಿದ ಪಾಲು ಮಾತ್ರ ಹಾಗೆಯೇ ಉಳಿದಿತ್ತು. ತೊಳೆದರೆ ಎಲ್ಲವೂ ಹೋಗುತ್ತದೆಂದು ಭಾವಿಸಿ ಹಣ್ಣನ್ನು ಆರಿಸುವಾಗ ಸಡಿಲ ಬಿಡಬಾರದೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಸೋಡನೀರಿನಿಂದ ತೆಗೆದ ಹಣ್ಣನ್ನು ತೆಂಗಿನ ನಾರಿನಿಂದಲೋ ಮೆತ್ತನೆಯ ಬ್ರಷ್ಷಿನಿಂದಲೋ ಉಜ್ಜಿ, ಹರಿಯುವ ನೀರಿನಲ್ಲಿ ಎರಡು ಸಲ ತೊಳೆಯಿರಿ. ಕೊನೆಯ ಬಾರಿ ಜಾಲಾಡಲು ಶುದ್ಧ ನೀರಿನ ಘಟಕದಿಂದ ತಂದ ನೀರನ್ನು ಬಳಸಿದರೆ ಮೇಲು. ನಮ್ಮ ಕಡೆಯ ಬೋರ್‌ವೆಲ್ ನೀರು ಬಹಳ ಗಡಸು. ಅದು ಆರಿದ ಮೇಲೆ ಸಿಪ್ಪೆಯ ಮೇಲೆ ಬಿಳಿ ಪೊರೆ ಉಳಿಯುತ್ತದೆ. ಆ ಪೊರೆ ಕೆಡುಕಲ್ಲದಿದ್ದರೂ ಮುಂದೆ ಬಿಳಿ ಬೂಷ್ಟು ಯಾವುದು, ಉಪ್ಪಿನ ಕಲೆ ಯಾವುದು ಎಂದು ಗುರುತಿಸುವುದಕ್ಕೆ ಅಡ್ಡಿಯಾಗುತ್ತದೆ. ತೊಳೆದ ಹಣ್ಣನ್ನು ಒಣ ಬಟ್ಟೆಯಿಂದ ಒರೆಸಿ, ನೀರಿನ ಪಸೆ ಹೋದ ಮೇಲೆ ಬಿಡಿಸಲು ಕೂರಬೇಕು.

ಬಿಡಿಸುವುದು, ಹೆಚ್ಚುವುದು

ದಾಳಿಂಬೆಯ ತುದಿಯನ್ನು ಒಂದು ಬೆರಳಗಲ ಕೆಳಗೆ ಕತ್ತರಿಸಿ ತೆಗೆದುಬಿಡಿ. ಉಳಿದ ಹಣ್ಣನ್ನು ಗೆರೆ ಹಾಕಿ ನಾಲ್ಕಾರು ಹೋಳಾಗಿ ಬಿಡಿಸಿ, ಕಾಳು ಬೇರ್ಪಡಿಸಿ, ಕಾಳಿನ ನಡುವಿನ ಹಳದಿ ಪೊರೆಯನ್ನು ಕಿತ್ತು ಹಾಕಿ. ಆ ಪೊರೆಗೆ ಹಣ್ಣಿನ ರಸ ಅಂಟಿಕೊಂಡಿರುವುದರಿಂದ ಇರುವೆ ಮುತ್ತುವುದೂ ಬೂಷ್ಟು ಮೊದಲು ಹಿಡಿಯುವುದೂ ಅದಕ್ಕೇ. ಸಿಪ್ಪೆಯನ್ನು ಒಂದು ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ಹೆಚ್ಚಿಕೊಳ್ಳಬೇಕು. ಇದಕ್ಕೆ ಸ್ಟೀಲ್ ಚಾಕುವೇ ಆಗಬೇಕು. ಕಬ್ಬಿಣದ ಈಳಿಗೆಮಣೆಯಲ್ಲಿ ಹೆಚ್ಚಿದರೆ ನಾಲ್ಕಾರು ಪಟ್ಟಿ ಕತ್ತರಿಸುವಷ್ಟರಲ್ಲಿ ಅಲಗು ನೀಲಿಗಪ್ಪಾಗಿ, ಸಿಪ್ಪೆಯ ಕತ್ತರಿಸಿದ ಅಂಚಿಗೂ ಮಸಿಯಂಥ ಗೆರೆ ಬೀಳುತ್ತದೆ; ಸಿಪ್ಪೆಯ ಟ್ಯಾನಿನ್ ಕಬ್ಬಿಣದೊಡನೆ ಕೂಡಿ ಕಪ್ಪಾಗುವುದೇ ಇದಕ್ಕೆ ಕಾರಣ. ಕಷಾಯ ಕುದಿಸುವಾಗಲೂ ಕಬ್ಬಿಣ, ಅಲ್ಯೂಮಿನಿಯಂ, ಕಲಾಯಿಯಿಲ್ಲದ ತಾಮ್ರದ ಪಾತ್ರೆಗಳನ್ನು ದೂರವಿಡಬೇಕು. ಸಿಪ್ಪೆಯ ರಸ ಬಟ್ಟೆಗೆ ಬಿದ್ದರೆ ಹಳದಿ ಕಲೆ ಕೂರುತ್ತದೆ, ಬಣ್ಣಗಾರರು ನೂಲಿಗೆ ಬಣ್ಣ ಹಾಕಲು ದಾಳಿಂಬೆ ಸಿಪ್ಪೆ ಬಳಸುವುದು ಇದರಿಂದಲೇ. ಹಾಗಾಗಿ ಹರಡಲು ಹೊಸ ಪಂಚೆ ತೆಗೆಯಬೇಡಿ.

ಕಿತ್ತಳೆ, ಮೋಸಂಬಿಗಳ ಸಿಪ್ಪೆಯ ಒಳಗಿನ ಬಿಳಿ ಭಾಗವೇ ಕಹಿ, ಅದೇ ನೀರನ್ನು ಹಿಡಿದಿಟ್ಟುಕೊಳ್ಳುವುದು. ಸಾರು, ಕಷಾಯದ ಪರಿಮಳಕ್ಕೆ ಬೇಕಿದ್ದರೆ ಚಮಚದ ಅಂಚಿನಿಂದ ಅದನ್ನು ಹೆರೆದು ತೆಗೆಯಿರಿ. ನಾರಿನ ಅಂಶಕ್ಕೆ ಬೇಕಿದ್ದರೆ ಅರ್ಧದಷ್ಟು ಉಳಿಸಿಕೊಳ್ಳಿ. ನಿಂಬೆ ಸಿಪ್ಪೆ ಹೆಚ್ಚಿದ ಕೈಯನ್ನು ಸೋಪಿನಲ್ಲಿ ತೊಳೆದುಕೊಂಡೇ ಬಿಸಿಲಿಗೆ ಹೋಗಬೇಕು. ಸಿಪ್ಪೆಯ ಎಣ್ಣೆ ಅಂಟಿದ ಚರ್ಮಕ್ಕೆ ಬಿಸಿಲು ತಾಗಿದರೆ ಸುಟ್ಟಂಥ ಗುಳ್ಳೆ, ಕಪ್ಪು ಕಲೆಗಳು ಏಳುವುದುಂಟು.

ಒಣಗಿಸುವ ಕಾಲ, ಜಾಗ, ಬಗೆ

ಶಿವರಾತ್ರಿಗೆ ಚಳಿ ಶಿವಶಿವಾ ಎನ್ನುತ್ತ ಹೋಗುತ್ತದೆಂಬ ಮಾತಿದೆ. ನಮ್ಮ ಕೆಲಸ ಶುರುವಾಗಬೇಕಾದದ್ದೂ ಅಲ್ಲಿಂದಲೇ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ, ಅಂದರೆ ಅಶ್ವಿನಿ ಮಳೆ ಹುಟ್ಟುವ ಮುನ್ನ, ಹಗಲು ಗಾಳಿಯಲ್ಲಿ ತೇವ ಬಹಳ ಕಡಿಮೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೂ ಬಿಡುವ ಹಸ್ತ ಬಹಾರು ಎಂಬ ಫಸಲಿನ ದಾಳಿಂಬೆ ಕೊಯ್ಲಿಗೆ ಬರುವುದೂ ಇದೇ ತಿಂಗಳುಗಳಲ್ಲಿ. ಡಿಸೆಂಬರ್, ಜನವರಿಯಲ್ಲಿ ಕಿತ್ತಳೆ ಅಗ್ಗವಾದರೂ ನಂದಿಬೆಟ್ಟದ ಸುತ್ತಮುತ್ತ ಬೆಳಿಗ್ಗೆ ಒಂಬತ್ತರವರೆಗೂ ಮಂಜು ಕವಿದಿರುತ್ತದೆ, ಸಂಜೆಯಾದೊಡನೆ ಇಬ್ಬನಿ ಇಳಿಯುತ್ತದೆ. ಆಗ ಒಣಗಿಸುವವರು ಹತ್ತರಿಂದ ನಾಲ್ಕರವರೆಗಿನ ಹೊತ್ತನ್ನಷ್ಟೇ ನೆಚ್ಚಿಕೊಳ್ಳಬೇಕು. ಸೆಪ್ಟೆಂಬರ್, ಅಕ್ಟೋಬರ್ ನಮ್ಮ ಮೂರು ಜಿಲ್ಲೆಗಳಲ್ಲೂ ಮಳೆ ಜೋರಾಗುವ ತಿಂಗಳುಗಳಾದ್ದರಿಂದ ಆಗ ಹೊರಗೆ ಒಣಗಿಸುವ ಯೋಚನೆಯೇ ಬೇಡ.

ತಾರಸಿಯ ನೆಲಕ್ಕೆ ನೇರವಾಗಿ ಬಟ್ಟೆ ಹಾಸಿ ಹರಡುವುದಕ್ಕಿಂತ, ಬಿದಿರಿನ ಮೊರ ಅಥವಾ ಸ್ಟೀಲ್ ಜರಡಿಯನ್ನು ನಾಲ್ಕು ಇಟ್ಟಿಗೆಗಳ ಮೇಲೆ ಎತ್ತರಿಸಿ, ಅದರಲ್ಲಿ ಹಳೆಯ ಹತ್ತಿ ಬಟ್ಟೆ ಹಾಸಿ ಹರಡಿದರೆ ಗಾಳಿ ಮೇಲೂ ಕೆಳಗೂ ಆಡುತ್ತದೆ. ಪ್ಲಾಸ್ಟಿಕ್ ಹಾಳೆ, ಟಾರ್ಪಾಲು ಬೇಡ, ಅವುಗಳ ಅಡಿಯಲ್ಲಿ ಬೆವರು ಕಟ್ಟುತ್ತದೆ. ಶಿಡ್ಲಘಟ್ಟ, ಚಿಂತಾಮಣಿ, ಕೋಲಾರದ ರೇಷ್ಮೆ ಸಾಕುವ ಮನೆಗಳವರಿಗೆ ಒಂದು ವಿಶೇಷ ಮಾತು: ಹುಳು ಗೂಡು ಕಟ್ಟುವ ಹಳೆಯ ಚಂದ್ರಿಕೆ ಮತ್ತು ಹುಳು ಸಾಕುವ ತಟ್ಟೆಗಳು ಇದಕ್ಕೆ ಹೇಳಿ ಮಾಡಿಸಿದಂತೆ ಕಾಣುತ್ತವೆ, ಆದರೂ ಅವನ್ನು ಬಳಸಲೇಬೇಡಿ. ಹುಳು ಮನೆಗೆ ಹೊಡೆಯುವ ಫಾರ್ಮಲಿನ್, ಬ್ಲೀಚಿಂಗ್ ಪುಡಿಯಂಥ ಸೋಂಕುನಿವಾರಕಗಳು ವರ್ಷಗಟ್ಟಲೆ ಆ ಬಿದಿರಿಗೆ ಇಳಿದಿರುತ್ತವೆ.

ಪಟ್ಟಿಗಳನ್ನು ಒಂದರ ಮೇಲೊಂದು ಬೀಳದಂತೆ, ಒಳಮೈ ಮೇಲಾಗಿ ಹರಡಿ, ಮೇಲೆ ತೆಳುವಾದ ಮಲ್‌ಬಟ್ಟೆ ಅಥವಾ ಸೊಳ್ಳೆಪರದೆಯ ತುಂಡು ಮುಚ್ಚಿ, ಅಂಚಿಗೆ ಕಲ್ಲಿಡಿ. ಕೋತಿ, ಕಾಗೆಗಳಿಗಿಂತ ದೊಡ್ಡ ಶತ್ರು ಧೂಳು. ಜಲ್ಲಿ ಕ್ರಷರ್ ಹತ್ತಿರದವರೂ ಹೆದ್ದಾರಿ ಬದಿಯವರೂ ಹೊರಗೆ ಒಣಗಿಸುವ ಬದಲು ಕಿಟಕಿ ತೆರೆದ ಕೋಣೆಯಲ್ಲಿ ಫ್ಯಾನಿನ ಕೆಳಗೆ ಒಣಗಿಸುವುದು ವಾಸಿ.

ಬಿಸಿಲೋ ನೆರಳೋ ಎಂಬುದಕ್ಕೆ ಉತ್ತರ ಸಿಪ್ಪೆಯ ಮೇಲೆ ನಿಂತಿದೆ. ದಾಳಿಂಬೆ ಸಿಪ್ಪೆ ದಪ್ಪ, ಅದರ ಟ್ಯಾನಿನ್ ಸುಲಭವಾಗಿ ಹಾರಿಹೋಗುವಂಥದ್ದಲ್ಲ. ಆದ್ದರಿಂದ ಮೊದಲ ಎರಡು ದಿನ ನೇರ ಬಿಸಿಲಿನಲ್ಲಿಟ್ಟು ಮೇಲಿನ ಪಸೆಯನ್ನು ಬೇಗ ಹಿಂಗಿಸಿ, ಆಮೇಲೆ ಗಾಳಿಯಾಡುವ ನೆರಳಿಗೆ ಸರಿಸಬೇಕು. ಮಾರ್ಚ್ ತಿಂಗಳಲ್ಲಾದರೆ ಐದರಿಂದ ಏಳು ದಿನಗಳಲ್ಲಿ ಅದು ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಕಿತ್ತಳೆ, ನಿಂಬೆಯ ಜೀವ ಅವುಗಳ ಪರಿಮಳದ ಎಣ್ಣೆಯಲ್ಲಿದೆ. ಸುಡುಬಿಸಿಲಿನಲ್ಲಿಟ್ಟರೆ ಅದು ಮೊದಲ ದಿನವೇ ಅರ್ಧ ಹಾರಿಹೋಗಿ ಬಣ್ಣವೂ ಮಾಸುತ್ತದೆ, ಹಾಗಾಗಿ ಅವನ್ನು ಮೊದಲಿನಿಂದಲೂ ನೆರಳಿನಲ್ಲೇ, ಪಡಸಾಲೆಯಲ್ಲೋ ಚಪ್ಪರದಡಿಯಲ್ಲೋ ಒಣಗಿಸಿ; ಮೂರು ನಾಲ್ಕು ದಿನ ಸಾಕು. ದಿನಕ್ಕೆ ಎರಡು ಸಲ ಕೈಯಾಡಿಸಿ ಮಗುಚಬೇಕು. ಸಂಜೆ ನಾಲ್ಕೂವರೆಯೊಳಗೆ ಮೊರವನ್ನು ಒಳಗೆ ತಂದುಬಿಡಬೇಕು. ಹಗಲೆಲ್ಲ ಕಳೆದ ತೇವವನ್ನು ಸಿಪ್ಪೆ ರಾತ್ರಿಯ ತಂಪಿನಲ್ಲಿ ಮತ್ತೆ ಹೀರಿಕೊಳ್ಳುತ್ತದೆ.

ಮಳೆಗಾಲದಲ್ಲಿ ಒಣಗಿಸಲೇಬೇಕಾದರೆ ವಿದ್ಯುತ್ ಡ್ರೈಯರ್‌ನಲ್ಲಿ 50ರಿಂದ 60 ಡಿಗ್ರಿ ಸೆಲ್ಸಿಯಸ್ ಇಟ್ಟುಕೊಳ್ಳಿ. ಓಟಿಜಿ ಎಂಬ ಸಣ್ಣ ವಿದ್ಯುತ್ ಓವನ್ ಇರುವವರು ಅದರ ಅತಿ ಕಡಿಮೆ ಶಾಖದಲ್ಲಿ, ಬಾಗಿಲನ್ನು ಎರಡು ಬೆರಳಷ್ಟು ತೆರೆದಿಟ್ಟು ಒಣಗಿಸಬಹುದು. ಬಾಗಿಲು ಮುಚ್ಚಿದರೆ ಸಿಪ್ಪೆ ಒಣಗುವುದಿಲ್ಲ, ಬೇಯುತ್ತದೆ. ಮೈಕ್ರೋವೇವ್ ಬೇಡ: ಅಂಚು ಸೀದು ನಡು ಹಸಿಯಾಗಿಯೇ ಉಳಿಯುತ್ತದೆ.

ಒಣಗಿದೆಯೆಂದು ತಿಳಿಯುವುದು ಹೇಗೆ

ಸಿಪ್ಪೆ ಬಗ್ಗಿದರೆ ಇನ್ನೂ ಒಣಗಿಲ್ಲ, ಚಟ್ಟೆಂದು ಮುರಿದರೆ ಒಣಗಿದೆ ಎಂಬುದು ಎಲ್ಲರಿಗೂ ತಿಳಿದ ಪರೀಕ್ಷೆ. ಆದರೆ ಪಟ್ಟಿಗಳಲ್ಲಿ ಅತಿ ದಪ್ಪದ್ದನ್ನು, ಅದೂ ಆರಿದ ಮೇಲೆ, ಮುರಿದು ನೋಡಬೇಕು. ಬಿಸಿಲಿನಿಂದ ತಂದೊಡನೆ ಅದು ಮೆತ್ತಗಿರುತ್ತದೆ, ತಣಿದ ಮೇಲಷ್ಟೇ ನಿಜಸ್ಥಿತಿ ತಿಳಿಯುವುದು. ಮುರಿದ ಜಾಗದ ನಡುಭಾಗ ಅಂಚಿಗಿಂತ ಕಪ್ಪಾಗಿ, ತೊಗಲಿನಂತೆ ಕಂಡರೆ ತೇವ ಒಳಗೇ ಸಿಕ್ಕಿಕೊಂಡಿದೆಯೆಂದು ಅರ್ಥ. ಮನೆಯಲ್ಲಿ ಸಣ್ಣ ತಕ್ಕಡಿ ಇದ್ದವರು ಇನ್ನೂ ಖಚಿತವಾಗಿ ನೋಡಬಹುದು. ಹಸಿಯ ತೂಕ ಬರೆದಿಟ್ಟುಕೊಂಡು, ಅದು ಮೂರನೇ ಒಂದು ಪಾಲಿಗೆ ಇಳಿದ ಮೇಲೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೂಗಿ. ಎರಡೂ ತೂಕ ಒಂದೇ ಬಂದರೆ ಹೋಗಬೇಕಾದ ನೀರೆಲ್ಲ ಹೋಗಿದೆ. ನೂರಕ್ಕೆ ಹತ್ತಕ್ಕಿಂತ ಕಡಿಮೆ ತೇವವಿರುವ ಸಿಪ್ಪೆಯಲ್ಲಿ ಬೂಷ್ಟು ಬೆಳೆಯಲಾರದು.

ಇದರ ನಂತರದ ಒಂದು ಹಂತವನ್ನು ಅನೇಕರು ಬಿಟ್ಟುಬಿಡುತ್ತಾರೆ. ಒಣಗಿದ ಸಿಪ್ಪೆಯನ್ನು ಗಾಜಿನ ಸೀಸೆಯಲ್ಲಿ ಮುಕ್ಕಾಲು ಭಾಗ ತುಂಬಿ, ಮುಚ್ಚಳ ಬಿಗಿದು, ಒಂದು ವಾರ ಕಣ್ಣೆದುರಿಗೇ ಇಟ್ಟುಕೊಂಡು ದಿನಕ್ಕೊಮ್ಮೆ ಅಲುಗಾಡಿಸಬೇಕು. ದಪ್ಪ ಚೂರುಗಳ ತೇವ ತೆಳು ಚೂರುಗಳಿಗೆ ಹಂಚಿಹೋಗಿ ಎಲ್ಲವೂ ಒಂದೇ ಹದಕ್ಕೆ ಬರುತ್ತವೆ. ಗಾಜಿನ ಒಳಮೈ ಮಬ್ಬಾದರೆ, ಚೂರುಗಳು ಒಂದಕ್ಕೊಂದು ಅಂಟಿಕೊಂಡರೆ, ಎಲ್ಲವನ್ನೂ ಸುರಿದು ಮತ್ತೊಂದು ದಿನ ಒಣಗಿಸಿ.

ಹೊರಗೆ ಒಣಗಿಸಿದ್ದಕ್ಕೆ ನೊಣ, ಹುಳುಗಳ ಮೊಟ್ಟೆ ತಾಗಿರುವ ಸಂಭವ ಇದ್ದೇ ಇರುತ್ತದೆ. ಡೀಪ್ ಫ್ರೀಜರ್ ಇದ್ದರೆ ಮೈನಸ್ 18 ಡಿಗ್ರಿಯಲ್ಲಿ ಎರಡು ದಿನ ಇಟ್ಟು ತೆಗೆಯಿರಿ, ಇಲ್ಲವೇ ಓಟಿಜಿಯಲ್ಲಿ 70 ಡಿಗ್ರಿಗೆ ಅರ್ಧ ಗಂಟೆ ಇಡಿ.

ಇಡುವುದು

ಗಾಜಿನ ಸೀಸೆ ಅಥವಾ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ, ಒಲೆಯಿಂದ ದೂರದ ಕತ್ತಲೆಯ ಬೀರುವಿನಲ್ಲಿಡಿ. ಹಣ್ಣು ಎಲ್ಲಿಯದು, ಎಂದು ಒಣಗಿಸಿದ್ದು ಎಂಬ ಎರಡನ್ನೂ ಚೀಟಿಯಲ್ಲಿ ಬರೆದು ಅಂಟಿಸಿ. ಚೂರುಗಳಾಗಿದ್ದರೆ ಮುಂದಿನ ಬೇಸಿಗೆಯವರೆಗೆ ಬಾಳುತ್ತದೆ. ಪುಡಿಯನ್ನು ಮಾತ್ರ ಒಂದು ತಿಂಗಳಿಗೆ ಬೇಕಾದಷ್ಟನ್ನೇ ಮಾಡಿಕೊಳ್ಳಬೇಕು. ಪುಡಿ ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತದೆ, ಪರಿಮಳವನ್ನೂ ಬೇಗ ಬಿಟ್ಟುಕೊಡುತ್ತದೆ. ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ, ತೆಳುಬಟ್ಟೆಯಲ್ಲಿ ಸೋಸಿದರೆ ನಯವಾದ ಪುಡಿ ಸಿಗುತ್ತದೆ.

ಒಂದೇ ಒಂದು ಚೂರಿನ ಮೇಲೆ ಬೂಷ್ಟು ಕಂಡರೂ ಸೀಸೆಯಲ್ಲಿದ್ದದ್ದನ್ನೆಲ್ಲ ಎಸೆಯಬೇಕು. ಪಾವಗಡ, ಶಿರಾದ ಕಡಲೆಕಾಯಿ ಬೆಳೆಗಾರರಿಗೆ ಬೂಷ್ಟಿನ ವಿಷದ ಪರಿಚಯವಿದೆ; ಅಂಥ ವಿಷಗಳು ಬಿಸಿಲಿಗಿಟ್ಟರೂ ಹೋಗುವುದಿಲ್ಲ, ಕುದಿಸಿದರೂ ಪೂರ್ತಿ ನಾಶವಾಗುವುದಿಲ್ಲ. ಬೂಷ್ಟನ್ನು ಒರೆಸಿ ಮತ್ತೆ ಒಣಗಿಸಿಕೊಳ್ಳುವುದು ಉಳಿತಾಯವಲ್ಲ.

ಬಳಸುವ ಅಳತೆ

ಸಿಪ್ಪೆ ಆಹಾರವಲ್ಲ, ಔಷಧದ ಹಾಗೆ ಚಿಟಿಕೆಯ ಲೆಕ್ಕದಲ್ಲಿ ಬಳಸುವ ವಸ್ತು. ದೊಡ್ಡವರಿಗೆ ಹೊಟ್ಟೆ ಕೆಟ್ಟು ನೀರಾಗಿ ಹೋಗುತ್ತಿರುವಾಗ ಕಾಲು ಟೀ ಚಮಚ ದಾಳಿಂಬೆ ಸಿಪ್ಪೆಯ ಪುಡಿಯನ್ನು ಒಂದು ಲೋಟ ನೀರು ಮಜ್ಜಿಗೆಗೆ ಹಾಕಿ, ಹುರಿದ ಜೀರಿಗೆ, ಉಪ್ಪು ಬೆರೆಸಿ, ದಿನಕ್ಕೆ ಒಂದು ಅಥವಾ ಎರಡು ಸಲ, ಹೆಚ್ಚೆಂದರೆ ಎರಡು ದಿನ ಕುಡಿಯಬಹುದು. ಇದು ಓಆರ್‌ಎಸ್‌ಗೆ ಬದಲಿಯಲ್ಲ. ಭೇದಿಯಲ್ಲಿ ಜೀವಕ್ಕೆ ಕುತ್ತು ತರುವುದು ದೇಹದ ನೀರು ಬತ್ತುವುದು, ಅದನ್ನು ತುಂಬಿಕೊಡುವುದು ಒಂದು ಲೀಟರ್ ನೀರಿಗೆ ಕರಗಿಸಿದ ಒಂದು ಪೊಟ್ಟಣ ಓಆರ್‌ಎಸ್. ಅದು ಮೊದಲು, ಸಿಪ್ಪೆ ಆಮೇಲೆ. ಮಲದಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ಎರಡು ದಿನಕ್ಕೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು. ಮಕ್ಕಳಿಗೆ ಈ ಪುಡಿ ಬೇಡವೇ ಬೇಡ, ಅವರಿಗೆ ಓಆರ್‌ಎಸ್ ಮತ್ತು ವೈದ್ಯರು ಹೇಳಿದ ಸತುವಿನ ಮಾತ್ರೆ.

ಬಾಯಿಹುಣ್ಣು, ಗಂಟಲು ಕೆರೆತಕ್ಕೆ ಒಂದು ಚಮಚ ದಾಳಿಂಬೆ ಸಿಪ್ಪೆಯ ಚೂರುಗಳನ್ನು ಎರಡು ಲೋಟ ನೀರಿನಲ್ಲಿ ಒಂದು ಲೋಟಕ್ಕೆ ಇಳಿಸಿ, ಸೋಸಿ, ಬೆಚ್ಚಗೆ ಬಾಯಿ ಮುಕ್ಕಳಿಸಿ ಉಗುಳಬಹುದು. ನುಂಗಬೇಕಿಲ್ಲದ ಕಾರಣ ಎಲ್ಲ ಬಳಕೆಗಳಲ್ಲೂ ನನಗೆ ಹೆಚ್ಚು ನೆಮ್ಮದಿ ಕೊಡುವುದು ಇದೇ. ಕಿತ್ತಳೆ ಸಿಪ್ಪೆಯ ಎರಡು ಸಣ್ಣ ಚೂರನ್ನು ಶುಂಠಿ, ಮೆಣಸಿನೊಡನೆ ಕಷಾಯಕ್ಕೆ ಹಾಕಿದರೆ ಊಟದ ನಂತರದ ಹೊಟ್ಟೆಯುಬ್ಬರಕ್ಕೆ ಹಿತ. ಸಾರಿನ ಪುಡಿಗೆ ಒಂದು ಚಮಚ ಬೆರೆಸಿಕೊಂಡರೂ ಚೆನ್ನ.

ಸಕ್ಕರೆ ಕಾಯಿಲೆ, ಕೊಬ್ಬು, ತೂಕ ಇವೆಲ್ಲ ಸಿಪ್ಪೆಯ ಪುಡಿಯಿಂದ ಕರಗುತ್ತವೆಂಬ ಮಾತನ್ನು ನಂಬಿ ಮಾತ್ರೆ ಬಿಡಬೇಡಿ. ಗಾಜಿನ ನಳಿಗೆಯಲ್ಲೋ ಇಲಿಯಲ್ಲೋ ಕಂಡ ಗುಣ ಮನುಷ್ಯರಲ್ಲೂ ಅದೇ ಅಳತೆಯಲ್ಲಿ ಸಿಗುತ್ತದೆಂದು ಹೇಳಲಾಗದು. ತೂಕ ಇಳಿಸಲೆಂದು ಮಾರುವ ಉಪ್ಪಾಗೆ ಎಂಬ ಮಲೆನಾಡಿನ ಹುಳಿಹಣ್ಣಿನ ಸಿಪ್ಪೆಯ ಸಾರದ ಮಾತ್ರೆಗಳನ್ನು ಸೇವಿಸಿದವರಲ್ಲಿ ಕೆಲವರಿಗೆ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಡುಗೆಯಲ್ಲಿ ತಲೆಮಾರುಗಳಿಂದ ಬಳಸಿದ ವಸ್ತುವೂ ಸಾರ ತೆಗೆದು ಗಾಢವಾಗಿಸಿ ದಿನಾ ನುಂಗಿದಾಗ ಬೇರೆಯಾಗಿಯೇ ವರ್ತಿಸಬಹುದು.

ಯಾರು ಬಳಸಬಾರದು

ರಕ್ತಹೀನತೆ ಇರುವವರು ಮೊದಲು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ದಾಳಿಂಬೆ ಸಿಪ್ಪೆಯ ಟ್ಯಾನಿನ್ ಊಟದಲ್ಲಿನ ಕಬ್ಬಿಣಾಂಶವನ್ನೂ, ಆಶಾ ಕಾರ್ಯಕರ್ತೆಯರು ತಂದುಕೊಡುವ ಮಾತ್ರೆಯ ಕಬ್ಬಿಣಾಂಶವನ್ನೂ ಹಿಡಿದುಕೊಂಡು ದೇಹಕ್ಕೆ ಸೇರಲು ಬಿಡುವುದಿಲ್ಲ. ಈಳಿಗೆಮಣೆಯ ಅಲಗು ಕಪ್ಪಾಗುವುದು ಯಾವ ಕಾರಣಕ್ಕೋ ಹೊಟ್ಟೆಯಲ್ಲಿ ನಡೆಯುವುದೂ ಬಹುಮಟ್ಟಿಗೆ ಅದೇ ಕಾರಣಕ್ಕೆ. ಹಣ್ಣಿನ ಹೆಸರಿನಲ್ಲಿ ರಕ್ತ ಹೆಚ್ಚುತ್ತದೆಂದು ನಂಬಿ ಹೆಣ್ಣುಮಕ್ಕಳು ದಿನವೂ ಸಿಪ್ಪೆ ಪುಡಿ ತಿನ್ನುವುದನ್ನು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಅದರಿಂದ ಆಗುವುದು ವ್ಯತಿರಿಕ್ತ.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಲಬದ್ಧತೆಯವರು ಬಳಸದಿರುವುದೇ ಕ್ಷೇಮ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ದಾಳಿಂಬೆ ಸಿಪ್ಪೆ ಮುಟ್ಟಬಾರದು. ಚಕ್ಕೋತದ ಜಾತಿಯ ಹಣ್ಣುಗಳಲ್ಲಿರುವ ಕೆಲವು ಸಂಯುಕ್ತಗಳು ಔಷಧಗಳನ್ನು ಕರಗಿಸುವ ದೇಹದ ವ್ಯವಸ್ಥೆಯನ್ನೇ ತಡೆಯುತ್ತವೆ. ಆಗ ಕೊಬ್ಬಿಗೆ ಕೊಡುವ ಅಟೊರ್ವಸ್ಟಾಟಿನ್, ಸಿಮ್ವಸ್ಟಾಟಿನ್ ಮತ್ತು ರಕ್ತದೊತ್ತಡದ ಕೆಲವು ಮಾತ್ರೆಗಳು ರಕ್ತದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಉಳಿದುಬಿಡುತ್ತವೆ. ಚಕ್ಕೋತದ ಸಿಪ್ಪೆಯನ್ನು ಆರಂಭದಲ್ಲೇ ಬೇಡವೆಂದದ್ದು ಇದಕ್ಕಾಗಿ. ಕಹಿ ಕಿತ್ತಳೆಯ ಸಿಪ್ಪೆಯಲ್ಲಿ ಸಿನೆಫ್ರಿನ್ ಎಂಬ ಉತ್ತೇಜಕವಿದೆ. ಹೃದಯದ ಕಾಯಿಲೆ, ಅಧಿಕ ರಕ್ತದೊತ್ತಡ ಇರುವವರು ಅದನ್ನು ಬಿಡಬೇಕು.

ಮಾರುವ ಯೋಚನೆ ಇದ್ದರೆ

ಮನೆಬಳಕೆಗೆ ಮಾಡಿದ್ದು ಚೆನ್ನಾಗಿ ಬಂದಾಗ ಸ್ತ್ರೀಶಕ್ತಿ ಸಂಘದ ಮೂಲಕ ಮಾರೋಣವೆಂಬ ಆಸೆ ಸಹಜ. ಅದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ರೋಗಕ್ಕೆ ಔಷಧವೆಂದು ಹೇಳಿ ಮಾರುವುದಾದರೆ ಆಯುಷ್ ಔಷಧ ತಯಾರಿಕೆಯ ಪರವಾನಗಿಯೇ ಬೇಕು. ಸಕ್ಕರೆ ಕಾಯಿಲೆ ವಾಸಿಮಾಡುತ್ತದೆಂದು ಚೀಟಿಯ ಮೇಲೆ ಬರೆಯುವುದಂತೂ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪ್ರಕಾರ ಅಪರಾಧ. ಮಾರುವ ಮೊದಲು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಕೀಟನಾಶಕದ ಶೇಷ, ತಾಮ್ರದ ಅಂಶ ಮತ್ತು ತೇವಾಂಶ ಈ ಮೂರನ್ನೂ ಪರೀಕ್ಷೆ ಮಾಡಿಸಿ, ಆ ವರದಿ ಯಾವ ತೋಟದ ಯಾವ ಕೊಯ್ಲಿನ ಹಣ್ಣಿಗೆ ಸೇರಿದ್ದೆಂದು ಬರೆದಿಟ್ಟುಕೊಳ್ಳಬೇಕು. ತೋಟ ಬದಲಾದರೆ ಅಥವಾ ಅದೇ ತೋಟದ ಮುಂದಿನ ಬಹಾರಿನ ಹಣ್ಣು ತಂದರೆ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕಾಗುತ್ತದೆ.